ಪುಟ್ಟಣ್ಣನವರ ನಾಯಕಿಯರು ಕೊನೆಗೆ ಯಾಕೆ ಸೋಲುತ್ತಾರೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಮ್ಮ, ದೊಡ್ಡಮ್ಮ ಇಬ್ಬರಿಗೂ ಪುಟ್ಟಣ್ಣ ಕಣಗಾಲ್ ಅಂದ್ರೆ ಪ್ರಾಣ. ಹೆಣ್ಣಿನ ಮನಸ್ಸನ್ನು ಅರ್ಥ ಮಾಡಿಕೊಂಡ ಒಬ್ಬನೇ ನಿರ್ದೇಶಕ ಅಂತಾರೆ. ಈಚೆಗೆ ‘ಗೆಜ್ಜೆಪೂಜೆ’, ‘ಶರಪಂಜರ’, ‘ಎಡಕಲ್ಲು ಗುಡ್ಡದ ಮೇಲೆ’, ‘ರಂಗನಾಯಕಿ’ ನಾಲ್ಕನ್ನೂ ನೋಡಿದೆ. ಒಬ್ಬಳು ಸಾಯುತ್ತಾಳೆ, ಒಬ್ಬಳಿಗೆ ಮತ್ತೆ ಹುಚ್ಚು ಹಿಡಿಯುತ್ತದೆ, ಉಳಿದಿಬ್ಬರದ್ದೂ ದುರಂತವೇ. ಇದು ಹೆಣ್ಣಿನ ಪರವಾದ ಸಿನಿಮಾವೋ ಅಥವಾ ಗೆರೆ ದಾಟಿದವಳಿಗೆ ಕೊಟ್ಟ ಶಿಕ್ಷೆಯೋ? ಅವರ ಬದುಕು, ವೃತ್ತಿಯ ಬಗ್ಗೆಯೂ ಸ್ವಲ್ಪ ಹೇಳಿ. ಇನ್ನು ಯಾವುದನ್ನು ನೋಡಲಿ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅಮ್ಮನವರ ಮೆಚ್ಚುಗೆಯೂ ಸರಿಯಾಗಿದೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ಪುಟ್ಟಣ್ಣನವರನ್ನು ನೋಡೋದು ಕಷ್ಟ. ಆದರೆ ನೀವು ನೋಡಿದ ನಾಲ್ಕೂ ಸಿನಿಮಾ ಒಂದೇ ಬಗೆಯವು. ಅವರ ಮೊದಲ ಕನ್ನಡ ಚಿತ್ರದಿಂದಲೇ ನೀವು ಶುರು ಮಾಡಿದ್ದಿದ್ದರೆ ನಿಮ್ಮ ಪ್ರಶ್ನೆ ಬೇರೆಯೇ ಇರುತ್ತಿತ್ತು. ಅಲ್ಲಿ ನಾಯಕಿ ಸೋಲುವುದಿಲ್ಲ.

ಆ ಚಿತ್ರ 1967ರ ‘ಬೆಳ್ಳಿಮೋಡ’. ತ್ರಿವೇಣಿಯವರ ಕಾದಂಬರಿ. ಮಲೆನಾಡಿನ ಒಂದು ಎಸ್ಟೇಟ್. ಸಾಹುಕಾರರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುವ ಹುಡುಗ ಮೋಹನ್, ಮಾವನಾಗುವವರ ದುಡ್ಡಿನಲ್ಲಿ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಳ ತಾಯಿಗೆ ತಡವಾಗಿ ಒಂದು ಗಂಡು ಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ ತಕ್ಷಣ ಮೋಹನನ ಪ್ರೀತಿ ಆರಿಹೋಗುತ್ತದೆ. ಮುಂದೆ ಅವನು ಪೆಟ್ಟು ತಿಂದು ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನಿಗೆ ಬುದ್ಧಿ ಬರುತ್ತದೆ, ಮದುವೆಯಾಗು ಅಂತ ಕೇಳುತ್ತಾನೆ. ಅವಳು ಆಗುವುದಿಲ್ಲ ಅನ್ನುತ್ತಾಳೆ. ಅಷ್ಟೇ. ಪಶ್ಚಾತ್ತಾಪ ಪಟ್ಟವನನ್ನು ಕ್ಷಮಿಸಿ ಒಪ್ಪಿಕೊಳ್ಳುವುದೇ ಹೆಣ್ಣಿನ ಧರ್ಮ ಅಂತ ಸಿನಿಮಾಗಳು ಹೇಳುತ್ತಿದ್ದ ಕಾಲದಲ್ಲಿ ನಾಯಕಿ ಬೇಡ ಅಂದು ತನ್ನ ಪಾಡಿಗೆ ನಿಂತಳು. ಕಲ್ಪನಾ ಅವರಿಗೆ ದೊಡ್ಡ ಹೆಸರು ತಂದದ್ದೂ ಈ ಪಾತ್ರವೇ.

ಹಾಗಾದರೆ ಇಂದಿರಾಳಿಂದ ಶುರು ಮಾಡಿದವರು ‘ಶರಪಂಜರ’ದ ಕಾವೇರಿ, ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಯರ ಕಡೆಗೆ ಯಾಕೆ ಹೋದರು? ಅದಕ್ಕೆ ಅವರು ಎಲ್ಲಿಂದ ಬಂದರು ಅನ್ನೋದು ಸ್ವಲ್ಪ ಗೊತ್ತಿರಬೇಕು.

ಅವರ ಹುಟ್ಟು ಹೆಸರು ಸೀತಾರಾಮ ಶರ್ಮ. 1933ರ ಡಿಸೆಂಬರ್ 1ರಂದು ಹುಟ್ಟಿದರು. ಊರು ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು. ಬಡತನದ ಮನೆ. ಹೊಟ್ಟೆಪಾಡಿಗೆ ಚಿಲ್ಲರೆ ಕೆಲಸಗಳನ್ನೆಲ್ಲ ಮಾಡಿ ಕೊನೆಗೆ ಸಿನಿಮಾ ಸೇರಿದರು. ‘ಒಲವೇ ಜೀವನ ಸಾಕ್ಷಾತ್ಕಾರ’ ಬರೆದ ಕಣಗಾಲ್ ಪ್ರಭಾಕರ ಶಾಸ್ತ್ರಿ ಇವರ ಅಣ್ಣ. ಪುಟ್ಟಣ್ಣನವರ ಸಿನಿಮಾ ಗುರು ಬಿ.ಆರ್. ಪಂತುಲು. ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿ ಕನ್ನಡ, ತಮಿಳು ಎರಡರಲ್ಲೂ ದೊಡ್ಡ ಚಿತ್ರ ಮಾಡುತ್ತಿದ್ದವರು. ಆಗ ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದೇ ಮದರಾಸಿನ ಸ್ಟುಡಿಯೋಗಳಲ್ಲಿ ತಾನೇ? ಪಂತುಲು ಅವರ ಸಹಾಯಕರಾಗಿ ಪುಟ್ಟಣ್ಣ ಕೆಲಸ ಕಲಿತರು.

ಪುಟ್ಟಣ್ಣ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ ಕನ್ನಡದ್ದಲ್ಲ, ಮಲಯಾಳಂನದ್ದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಕನ್ನಡದಲ್ಲಿ 1958ರಲ್ಲಿ ಬಂದಿತ್ತು. ಅದನ್ನೇ 1964ರಲ್ಲಿ ಮಲಯಾಳಂನಲ್ಲಿ ಪುಟ್ಟಣ್ಣ ಮಾಡಿದರು. ಅಲ್ಲೇ ಇನ್ನೂ ಕೆಲವು ಚಿತ್ರ ಮಾಡಿದರು. ಅದರಲ್ಲೊಂದು 1966ರ ‘ಪೂಚ್ಚಕ್ಕಣ್ಣಿ’. ಅದರ ಕಥೆ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’. ಅಂದ್ರೆ ಕನ್ನಡದಲ್ಲಿ ಒಂದು ಚಿತ್ರವನ್ನೂ ಮಾಡುವ ಮೊದಲೇ ಅವರು ಕನ್ನಡದ ಹೆಣ್ಣುಮಗಳೊಬ್ಬಳ ಕಾದಂಬರಿಯನ್ನು ಹಿಡಿದುಕೊಂಡು ಕೇರಳಕ್ಕೆ ಹೋಗಿದ್ದರು. ಅವರ ದಾರಿ ಯಾವುದು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಪುಟ್ಟಣ್ಣನವರ ಬಲ ಇದ್ದದ್ದು ಸ್ಟುಡಿಯೋದಲ್ಲಲ್ಲ, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ಐವತ್ತು, ಅರವತ್ತರ ದಶಕದಲ್ಲಿ ಕನ್ನಡದ ಮಧ್ಯಮ ವರ್ಗದ ಮನೆಗಳಲ್ಲಿ ಹೆಣ್ಣುಮಕ್ಕಳು ಕಾದಂಬರಿಗಳನ್ನು ಮುಗಿಬಿದ್ದು ಓದುತ್ತಿದ್ದರು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ. ಬಸುರಿ, ಬಾಣಂತನ, ಅತ್ತೆಮನೆ, ಗಂಡನ ತಾತ್ಸಾರ, ಯಾರಿಗೂ ಹೇಳಿಕೊಳ್ಳಲಾಗದ ಆಸೆ, ಎಲ್ಲವೂ ಅಲ್ಲಿ ಬರುತ್ತಿತ್ತು. ಸಿನಿಮಾದಲ್ಲಿ ಮಾತ್ರ ಅದು ಇರಲಿಲ್ಲ. ಈ ಓದುಗರೇ ನನ್ನ ಪ್ರೇಕ್ಷಕರು ಅಂತ ಪುಟ್ಟಣ್ಣ ಗುರುತಿಸಿದರು. ವಿಷಾದ ಅಂದ್ರೆ, ತ್ರಿವೇಣಿ 1963ರಲ್ಲೇ ತೀರಿಹೋಗಿದ್ದರು, ನಲವತ್ತೂ ತುಂಬಿರಲಿಲ್ಲ. ತಮ್ಮ ಕಥೆಗಳು ತೆರೆಗೆ ಬಂದದ್ದನ್ನು ಅವರು ನೋಡಲೇ ಇಲ್ಲ.

ಈಗ ನಿಮ್ಮ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಸಿಕ್ಕಿತು. ‘ಗೆಜ್ಜೆಪೂಜೆ’ಯ ಚಂದ್ರಾಳನ್ನು ಸಾಯಿಸಿದ್ದು, ‘ಶರಪಂಜರ’ದ ಕಾವೇರಿಯನ್ನು ಮತ್ತೆ ಹುಚ್ಚಿಗೆ ತಳ್ಳಿದ್ದು ಮೂಲತಃ ಪುಟ್ಟಣ್ಣ ಅಲ್ಲ. ಎಂ.ಕೆ. ಇಂದಿರಾ ಮತ್ತು ತ್ರಿವೇಣಿ. ಆ ಲೇಖಕಿಯರು ತಮ್ಮ ಸುತ್ತ ಏನು ಕಂಡರೋ ಅದನ್ನು ಬರೆದರು. ಸುಖಾಂತ್ಯ ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ನಿರ್ದೇಶಕನ ಹೊಣೆ ಇರುವುದು ಆ ಕೊನೆಯನ್ನು ಹೇಗೆ ತೋರಿಸಿದ ಅನ್ನೋದರಲ್ಲಿ. ನೋಡುವವರ ಸಿಟ್ಟು ಯಾರ ಮೇಲೆ ತಿರುಗುವಂತೆ ಮಾಡಿದ?

‘ಗೆಜ್ಜೆಪೂಜೆ’ (1969) ತೆಗೆದುಕೊಳ್ಳಿ. ಚಂದ್ರಾ ವೇಶ್ಯಾವೃತ್ತಿಯ ಮನೆತನದಲ್ಲಿ ಹುಟ್ಟಿದ ಹುಡುಗಿ. ಓದಬೇಕು, ಮದುವೆಯಾಗಬೇಕು, ಎಲ್ಲರಂತೆ ಸಂಸಾರ ಮಾಡಬೇಕು ಅನ್ನೋದೇ ಅವಳ ಆಸೆ. ಇದರಲ್ಲಿ ಗೆರೆ ದಾಟುವುದು ಏನಿದೆ? ಗೆರೆಯೊಳಗೆ ಬರಲು ಅವಳು ಒದ್ದಾಡುತ್ತಾಳೆ, ಸಭ್ಯರು ಬಾಗಿಲು ಹಾಕುತ್ತಾರೆ. ಒಂದು ತಪ್ಪು ತಿಳಿವಳಿಕೆ ಸಾಕು, ಪ್ರೀತಿಸಿದವನೂ ಕೈಬಿಡುತ್ತಾನೆ. ಗೆಜ್ಜೆಪೂಜೆ ಅಂದ್ರೆ ಹುಡುಗಿಯನ್ನು ಆ ವೃತ್ತಿಗೆ ಇಳಿಸುವ ಶಾಸ್ತ್ರ. ಆ ದಿನವೇ ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಅಲ್ಲಿ ಶಿಕ್ಷೆ ಆಗೋದು ಅವಳಿಗೆ, ಆದರೆ ಆರೋಪಿಯ ಸ್ಥಾನದಲ್ಲಿ ನಿಲ್ಲುವುದು ಪಕ್ಕದ ಮನೆಯವರು. ಪ್ರೇಕ್ಷಕರೂ ಆ ಪಕ್ಕದ ಮನೆಯವರೇ. ಈ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕಥೆಗೂ ರಾಷ್ಟ್ರಪ್ರಶಸ್ತಿ ಬಂತು, ಅದು ಪುಟ್ಟಣ್ಣನವರಿಗೇ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದ್ದು. ಅದಕ್ಕೆ ಹದಿಮೂರು ವರ್ಷ ಮೊದಲು ಈ ಸಿನಿಮಾ ಬಂದಿತ್ತು ಅನ್ನೋದನ್ನೂ ಗಮನಿಸಿ. ಅಂದಹಾಗೆ ಆರತಿ ಮೊದಲ ಬಾರಿ ತೆರೆಗೆ ಬಂದದ್ದು ಇದರಲ್ಲೇ, ಒಂದು ಸಣ್ಣ ಪಾತ್ರದಲ್ಲಿ.

‘ಶರಪಂಜರ’ ಇನ್ನೂ ಕಠಿಣ. ನನ್ನ ಪ್ರಕಾರ ಅವರ ಅತ್ಯುತ್ತಮ ಚಿತ್ರ ಅದೇ. ಕಾವೇರಿಗೆ ಎರಡನೇ ಹೆರಿಗೆಯ ನಂತರ ಮನಸ್ಸು ಕದಡುತ್ತದೆ. ಬಾಣಂತಿ ಸನ್ನಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದು. ಮದುವೆಗೆ ಮುಂಚಿನ ಒಂದು ಕಹಿ ಘಟನೆ ಆ ಸ್ಥಿತಿಯಲ್ಲಿ ಅವಳ ಬಾಯಿಂದ ಹೊರಬೀಳುತ್ತದೆ. ಆಸ್ಪತ್ರೆಗೆ ಹೋಗುತ್ತಾಳೆ, ವಾಸಿಯಾಗುತ್ತಾಳೆ, ಮನೆಗೆ ಮರಳುತ್ತಾಳೆ. ಬೇರೆ ಯಾವ ನಿರ್ದೇಶಕನಾದರೂ ಇಲ್ಲಿಗೆ ಶುಭಂ ಹಾಕುತ್ತಿದ್ದ. ಪುಟ್ಟಣ್ಣನವರ ಕಥೆ ನಿಜವಾಗಿ ಶುರುವಾಗೋದು ಇಲ್ಲಿಂದ. ಅವಳು ಸರಿಯಾಗಿದ್ದಾಳೆ, ಆದರೆ ಯಾರೂ ನಂಬುವುದಿಲ್ಲ. ಜೋರಾಗಿ ನಕ್ಕರೆ ಅನುಮಾನ, ಸುಮ್ನೆ ಕೂತರೂ ಅನುಮಾನ. ಗಂಡ ದೂರ ಸರಿಯುತ್ತಾನೆ, ಇನ್ನೊಬ್ಬಳ ಸಹವಾಸ ಮಾಡುತ್ತಾನೆ. ಹದಿನಾಲ್ಕು ವರ್ಷ ವನವಾಸದಿಂದ ಮರಳಿ ಬಂದ ಸೀತೆಯ ಹಾಡನ್ನು ಅವಳ ಬಾಯಲ್ಲಿ ಹಾಡಿಸಿದ್ದು ಸುಮ್ನೆ ಅಲ್ಲ. ಮನೆಗೆ ಮರಳಿದ ಮೇಲೆ ಸೀತೆಗೇನಾಯಿತು ಅಂತ ನಮಗೆಲ್ಲ ಗೊತ್ತಿದೆಯಲ್ಲ.

ಕೊನೆಗೆ ಅವಳಿಗೆ ಮತ್ತೆ ಹುಚ್ಚು. ಅದನ್ನು ಶಿಕ್ಷೆ ಅಂತ ನೀವು ಕರೆದಿರಿ. ನಾನು ಅದನ್ನು ತೀರ್ಪು ಅನ್ನುತ್ತೇನೆ, ಆ ಮನೆಯ ಮೇಲೆ. ಒಬ್ಬ ವೈದ್ಯ ವಾಸಿ ಮಾಡಿದ ಹೆಂಗಸನ್ನು ಒಂದು ಸಭ್ಯ ಕುಟುಂಬ ಮತ್ತೆ ರೋಗಿ ಮಾಡಿತು. ಅವಳನ್ನು ಯಾರೂ ಹೊಡೆಯಲಿಲ್ಲ, ಕೂಡಿಹಾಕಲಿಲ್ಲ. ನೋಡುವ ನೋಟದಲ್ಲೇ ಮುಗಿಸಿದರು. 1970ರ ದಶಕದ ಶುರುವಿನಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ಜನಪ್ರಿಯ ಸಿನಿಮಾ ಭಾರತದಲ್ಲಿ ಬಹಳ ಕಡಿಮೆ. ಇದಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು, ಜನ ಮತ್ತೆ ಮತ್ತೆ ಹೋಗಿ ನೋಡಿದರು.

ಆ ಹೊತ್ತಿಗೆ ಮಿನುಗುತಾರೆ ಅಂತ ಹೆಸರಾಗಿದ್ದ ಕಲ್ಪನಾ ಈ ಚಿತ್ರದ ನಂತರ ಪುಟ್ಟಣ್ಣನವರ ಜೊತೆ ಕೆಲಸ ಮಾಡಲಿಲ್ಲ. ಕಾರಣದ ಬಗ್ಗೆ ಗಾಂಧಿನಗರದಲ್ಲಿ ಹತ್ತು ಕಥೆಗಳಿವೆ, ಅವು ಇಲ್ಲಿ ಬೇಡ. ಇಬ್ಬರಿಗೂ ನಷ್ಟವಾಯಿತು ಅನ್ನೋದಂತೂ ನಿಜ. ಕಲ್ಪನಾಗೆ ಅಂಥ ಪಾತ್ರ ಮತ್ತೆ ಸಿಗಲಿಲ್ಲ. 1979ರಲ್ಲಿ ಅವರು ತೀರಿಕೊಂಡರು.

ಈಗ ‘ಎಡಕಲ್ಲು ಗುಡ್ಡದ ಮೇಲೆ’ (1973). ಇಲ್ಲಿ ಮಾತ್ರ ನಿಮ್ಮ ತಕರಾರನ್ನು ನಾನು ಪೂರ್ತಿ ಒಪ್ಪುತ್ತೇನೆ. ಭಾರತೀಸುತರ ಕಾದಂಬರಿ, ವಯನಾಡಿನ ಎಡಕಲ್ಲಿನ ಹಿನ್ನೆಲೆ. ಗಂಡನಿಂದ ದೇಹಸುಖ ಸಿಗದ ಮಾಧವಿ, ವಯಸ್ಸಿನಲ್ಲಿ ಚಿಕ್ಕವನಾದ ಹುಡುಗನೊಬ್ಬನ ಕಡೆ ವಾಲುತ್ತಾಳೆ. ಜಯಂತಿ ಆ ಪಾತ್ರವನ್ನು ಎಷ್ಟು ಘನತೆಯಿಂದ ಮಾಡಿದ್ದಾರೆ ಅಂದ್ರೆ, ಒಂದು ಗಳಿಗೆಯೂ ಅವಳ ಬಗ್ಗೆ ಕೀಳು ಭಾವ ಬರೋದಿಲ್ಲ. ‘ವಿರಹ ನೂರು ನೂರು ತರಹ’ ಹಾಡಿನಲ್ಲಿ ಎಸ್. ಜಾನಕಿಯವರ ದನಿ, ಜಯಂತಿಯವರ ಮುಖ. ಮದುವೆಯಾದ ಹೆಣ್ಣಿಗೂ ದೇಹ ಇದೆ ಅನ್ನೋದನ್ನು ಕನ್ನಡ ಸಿನಿಮಾ ಇಷ್ಟು ಮರ್ಯಾದೆಯಿಂದ ಹೇಳಿದ್ದು ಅದೇ ಮೊದಲು ಅನ್ನಬಹುದು. ಆದರೆ ಮುಗಿಸುವ ಹೊತ್ತಿಗೆ ನಿರ್ದೇಶಕರಿಗೆ ಧೈರ್ಯ ಸಾಲಲಿಲ್ಲ. ‘ಶರಪಂಜರ’ದಲ್ಲಿ ದುರಂತಕ್ಕೆ ಕಾರಣ ಕಣ್ಣೆದುರಿಗಿದೆ, ಗಂಡ ಮತ್ತು ಮನೆ. ಇಲ್ಲಿ ದುರಂತ ಅವಳ ಆಸೆಯ ಬೆನ್ನಿಗೇ ಬರುತ್ತದೆ. ಆಸೆಪಟ್ಟಳು, ಅನುಭವಿಸಿದಳು ಅಂತ ಪ್ರೇಕ್ಷಕ ಸಮಾಧಾನ ಮಾಡಿಕೊಂಡು ಎದ್ದು ಹೋಗಬಹುದು. ಈ ದಾರಿಯನ್ನು ಪುಟ್ಟಣ್ಣ ತೆರೆದಿಡಬಾರದಿತ್ತು.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಥಿಯೇಟರಿನಲ್ಲಿ ಕುಟುಂಬ ಸಮೇತ ಬಂದು ಕೂತವರಿಗೆ ಈ ಕಥೆ ಹೇಳುವುದಿತ್ತು. ಆಗ ಹೊಸ ಅಲೆಯವರು ‘ಸಂಸ್ಕಾರ’, ‘ವಂಶವೃಕ್ಷ’, ‘ಕಾಡು’ ಮಾಡುತ್ತಿದ್ದರು. ಅವರಿಗೆ ಹಾಡು ಬೇಕಿರಲಿಲ್ಲ, ಹಾಸ್ಯದ ಉಪಕಥೆ ಬೇಕಿರಲಿಲ್ಲ, ನೂರು ದಿನದ ಚಿಂತೆಯೂ ಇರಲಿಲ್ಲ. ಪುಟ್ಟಣ್ಣನವರಿಗೆ ಇವೆಲ್ಲ ಬೇಕಿತ್ತು. ಅವರು ಆ ಕಡೆಗೂ ಪೂರ್ತಿ ಸೇರಲಿಲ್ಲ, ಈ ಕಡೆಗೂ ಸೇರಲಿಲ್ಲ. ಹೊಸ ಅಲೆಯ ಅಭಿಮಾನಿಗಳು ಅವರನ್ನು ಅತಿ ಭಾವುಕ ಅಂದರು. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಕಿರುಚಾಟ ಜಾಸ್ತಿ, ಜೂಮ್ ಇನ್ನೂ ಜಾಸ್ತಿ. ಮುಖದ ಮೇಲೆ ಕ್ಯಾಮರಾ ಧಡ್ ಅಂತ ನುಗ್ಗುವುದು ಇವತ್ತು ನೋಡಿದರೆ ಕಸಿವಿಸಿ ಆಗುತ್ತದೆ.

ಆದರೆ ಹಾಡುಗಳ ವಿಷಯದಲ್ಲಿ ಅವರ ಸಮ ಯಾರೂ ಇಲ್ಲ. ಯಾಕೆ ಅಂತ ಹೇಳುತ್ತೇನೆ. ಕಾದಂಬರಿಯಲ್ಲಿ ಪಾತ್ರದ ಮನಸ್ಸಿನೊಳಗಿನ ಮಾತನ್ನು ಲೇಖಕಿ ಪುಟಗಟ್ಟಲೆ ಬರೆಯಬಹುದು. ಸಿನಿಮಾದಲ್ಲಿ ಅದನ್ನು ಎಲ್ಲಿ ಇಡೋದು? ಪುಟ್ಟಣ್ಣ ಹಾಡಿನಲ್ಲಿ ಇಟ್ಟರು. ಅವರ ನಾಯಕಿ ಬಾಯಿಬಿಟ್ಟು ಹೇಳಲಾಗದ್ದು ಹಾಡಾಗಿ ಬರುತ್ತದೆ. ಹಾಡು ತೆಗೆದರೆ ಕಥೆಯಲ್ಲೇ ತೂತು ಬೀಳುತ್ತದೆ. ಅದಕ್ಕೇ ಅವರು ಕವಿಗಳ ಮನೆ ಬಾಗಿಲಿಗೂ ಹೋದರು. ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಮೂಡಲ ಮನೆಯ’, ‘ಶರಪಂಜರ’ದಲ್ಲಿ ಅವರದೇ ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’. ‘ಮಾನಸ ಸರೋವರ’ದಲ್ಲಿ ಜಿ.ಎಸ್. ಶಿವರುದ್ರಪ್ಪನವರ ‘ವೇದಾಂತಿ ಹೇಳಿದನು’. ಸಿನಿಮಾಕ್ಕೆಂದೇ ಬರೆದ ವಿಜಯನಾರಸಿಂಹ, ಚಿ. ಉದಯಶಂಕರ್, ‘ಶುಭಮಂಗಳ’ಕ್ಕೆ ‘ಸೂರ್ಯಂಗೂ ಚಂದ್ರಂಗೂ’ ಬರೆದ ಎಂ.ಎನ್. ವ್ಯಾಸರಾವ್ ಇವರೆಲ್ಲರ ಒಳ್ಳೆಯ ಸಾಲುಗಳನ್ನು ಅವರು ಹೊರಗೆ ತೆಗೆಸಿದರು. ಸಂಗೀತಕ್ಕೆ ವಿಜಯಭಾಸ್ಕರ್, ಎಂ. ರಂಗರಾವ್. ಬೇಂದ್ರೆಯ ಸಾಲು ಎಷ್ಟೋ ಮನೆಗಳಿಗೆ ಮೊದಲು ತಲುಪಿದ್ದು ಪುಸ್ತಕದಿಂದಲ್ಲ, ರೇಡಿಯೋದ ಚಿತ್ರಗೀತೆಯಿಂದ.

ರಾಜ್‌ಕುಮಾರ್ ಜೊತೆ ಅವರು ಮಾಡಿದ್ದು ಮೂರೇ ಚಿತ್ರ: ‘ಮಲ್ಲಮ್ಮನ ಪವಾಡ’, ‘ಕರುಳಿನ ಕರೆ’, ‘ಸಾಕ್ಷಾತ್ಕಾರ’. ಮೊದಲನೆಯದು ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿ. ಇದೇ ಎಳೆ ಮುಂದೆ ತಮಿಳಿಗೂ, ಅಲ್ಲಿಂದ ಹಿಂದಿಯ ‘ಬೇಟಾ’ಕ್ಕೂ ಹೋಯಿತು. ವಜ್ರಮುನಿ ಸಿನಿಮಾಕ್ಕೆ ಬಂದದ್ದು ಅದರಲ್ಲೇ. ‘ಸಾಕ್ಷಾತ್ಕಾರ’ದಲ್ಲಿ ಪೃಥ್ವಿರಾಜ್ ಕಪೂರ್ ನಟಿಸಿದ್ದರು. ಇಷ್ಟೆಲ್ಲ ಆದರೂ ಆ ಜೋಡಿ ಮುಂದುವರಿಯಲಿಲ್ಲ. ನನ್ನ ಊಹೆ ಇಷ್ಟು: ರಾಜ್ ಚಿತ್ರ ಅಂದ್ರೆ ಕಥೆ ನಾಯಕನ ಸುತ್ತ ತಿರುಗಬೇಕು. ಪುಟ್ಟಣ್ಣನವರ ಕಥೆಯಲ್ಲಿ ಗಂಡಸು ಸಾಮಾನ್ಯವಾಗಿ ಹೇಡಿ, ಇಲ್ಲವೇ ಅಸಹಾಯಕ. ಎರಡೂ ಒಂದೇ ತೆರೆಯಲ್ಲಿ ಹೊಂದುವುದು ಕಷ್ಟ.

ಅದಕ್ಕೇ ಅವರು ಹೊಸಬರನ್ನು ಹುಡುಕಿದರು. 1972ರ ‘ನಾಗರಹಾವು’. ಸಂಪತ್ ಕುಮಾರ್ ಅನ್ನುವ ಹುಡುಗ ವಿಷ್ಣುವರ್ಧನ್ ಆದ. ಹೆಸರಿಟ್ಟವರು ಪುಟ್ಟಣ್ಣನೇ. ಜಲೀಲನಾಗಿ ಬಂದು ಹೋದ ಇನ್ನೊಬ್ಬ ಹುಡುಗ ಅಂಬರೀಷ್. ನಿರ್ಮಾಪಕರು ಎನ್. ವೀರಾಸ್ವಾಮಿ, ಅಂದ್ರೆ ರವಿಚಂದ್ರನ್ ಅವರ ತಂದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದ ಚಿತ್ರಕಥೆ. ‘ಬಾರೆ ಬಾರೆ’ ಹಾಡನ್ನು ಸ್ಲೋ ಮೋಷನ್‌ನಲ್ಲಿ ತೆಗೆದದ್ದು ಆಗ ಊರೆಲ್ಲ ಮಾತಾಗಿತ್ತು. ಒನಕೆ ಓಬವ್ವನ ಹಾಡು ಬಂದ ಮೇಲೆ ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಮೊದಲು ಕೇಳುವುದೇ ಓಬವ್ವನ ಕಿಂಡಿ ಎಲ್ಲಿ ಅಂತ. ಓಬವ್ವನಾಗಿ ಒಂದೇ ಹಾಡಿಗೆ ಬಂದವರೂ ಜಯಂತಿಯೇ.

ಮೂಲ ಲೇಖಕರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಹೇಳಿದ್ದು ಇವತ್ತಿಗೂ ಚಾಲ್ತಿಯಲ್ಲಿದೆ.

‘ನಾಗರಹಾವು’ ಗಂಡಸಿನ ಸಿನಿಮಾ ಅಂತ ನೀವು ಬಿಟ್ಟಿರಬಹುದು. ಬಿಡಬೇಡಿ. ನಿಮ್ಮ ಪ್ರಶ್ನೆಗೆ ಒಳ್ಳೆಯ ಉತ್ತರ ಅದರಲ್ಲೇ ಇದೆ. ಅಲಮೇಲುವನ್ನು ನೋಡಿ. ರಾಮಾಚಾರಿ, ಅಲಮೇಲು ಪ್ರೀತಿಸುತ್ತಾರೆ. ಜಾತಿ ಅಡ್ಡ ಬರುತ್ತದೆ. ಚಾಮಯ್ಯ ಮೇಷ್ಟ್ರು ಪ್ರೀತಿಯಿಂದ, ಬುದ್ಧಿಮಾತಿನಿಂದ ರಾಮಾಚಾರಿಯ ಮನಸ್ಸು ತಿರುಗಿಸುತ್ತಾರೆ. ಶಿಷ್ಯ ಗುರುವಿಗಾಗಿ ತ್ಯಾಗ ಮಾಡುತ್ತಾನೆ, ನಾವೆಲ್ಲ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಯಾರನ್ನು ತ್ಯಾಗ ಮಾಡಿದ್ದು? ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮುಂದೆ ಅವಳು ಸಿಗುವುದು ಎಲ್ಲಿ? ಕಟ್ಟಿಕೊಂಡ ಗಂಡನೇ ಅವಳನ್ನು ಮಾರಾಟಕ್ಕಿಟ್ಟಿರುತ್ತಾನೆ. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ಕನ್ನಡಿಗರಿಗೆ ದೇವರಂಥ ಗುರು. ಆ ಗುರುವಿನ ಒಳ್ಳೆಯತನದ ಬೆಲೆಯನ್ನು ಒಬ್ಬ ಹುಡುಗಿ ತೆತ್ತಳು ಅಂತ ಪುಟ್ಟಣ್ಣ ಮುಚ್ಚಿಡದೆ ತೋರಿಸಿದರು. ಕೊನೆಗೆ ಮೇಷ್ಟ್ರನ್ನೂ ಉಳಿಸಲಿಲ್ಲ. ಹೆಣ್ಣಿಗೆ ಶಿಕ್ಷೆ ಕೊಡಲು ಹೊರಟವರು ಹೀಗೆ ಸಿನಿಮಾ ಮಾಡೋದಿಲ್ಲ.

ಹಿಂದಿಯಲ್ಲಿ ಇದನ್ನೇ ‘ಜಹರೀಲಾ ಇನ್ಸಾನ್’ (1974) ಅಂತ ರಿಷಿ ಕಪೂರ್ ಜೊತೆ ಮಾಡಿದರು. ಹಾಡು ಉಳಿಯಿತು, ಸಿನಿಮಾ ಉಳಿಯಲಿಲ್ಲ. ಆ ಕಥೆಗೆ ದುರ್ಗದ ಮಣ್ಣು, ಮೇಷ್ಟ್ರು ಅನ್ನುವ ಸಂಬಂಧ ಎರಡೂ ಬೇಕು.

ಎಪ್ಪತ್ತರ ದಶಕದ ಉಳಿದ ಚಿತ್ರಗಳನ್ನು ಬೇಗ ದಾಟುತ್ತೇನೆ. ‘ಉಪಾಸನೆ’, ‘ಶುಭಮಂಗಳ’, ‘ಬಿಳಿ ಹೆಂಡ್ತಿ’ ಎಲ್ಲದರಲ್ಲೂ ಆರತಿ. 1976ರ ‘ಕಥಾ ಸಂಗಮ’ ಮಾತ್ರ ನಿಂತು ನೋಡಬೇಕಾದದ್ದು. ಮೂರು ಸಣ್ಣ ಕಥೆ, ಒಂದೇ ಸಿನಿಮಾ. ಗಿರಡ್ಡಿ ಗೋವಿಂದರಾಜ, ವೀಣಾ ಶಾಂತೇಶ್ವರ, ಈಶ್ವರಚಂದ್ರ ಅವರ ಕಥೆಗಳು. ‘ಮುನಿತಾಯಿ’ ಭಾಗದಲ್ಲಿ ಕುರುಡು ಹುಡುಗಿಗೆ ಕಾಟ ಕೊಡುವವನಾಗಿ ರಜನೀಕಾಂತ್ ಇದ್ದಾರೆ, ಆಗಿನ್ನೂ ಹೊಸಬ. ಈಗ ಓಟಿಟಿಯಲ್ಲಿ ಕಥಾಗುಚ್ಛ ಅಂತ ದೊಡ್ಡದಾಗಿ ಹೇಳಿಕೊಳ್ಳುತ್ತಾರಲ್ಲ, ಅದನ್ನು ಇವರು ಆಗಲೇ ಮಾಡಿ ಮುಗಿಸಿದ್ದರು. ‘ಪಡುವಾರಹಳ್ಳಿ ಪಾಂಡವರು’ (1978) ಹಳ್ಳಿಯ ಐದು ಹುಡುಗರು ಜಮೀನ್ದಾರನ ವಿರುದ್ಧ ನಿಲ್ಲುವ ಕಥೆ. ತೆಲುಗಿಗೆ, ಆಮೇಲೆ ಹಿಂದಿಗೆ ‘ಹಮ್ ಪಾಂಚ್’ ಆಗಿ ಹೋಯಿತು. ‘ಧರ್ಮಸೆರೆ’ ನನಗೆ ಅಷ್ಟಾಗಿ ಹಿಡಿಸಲಿಲ್ಲ. ತಮಿಳಿನ ಭಾರತಿರಾಜಾ ಸಹಾಯಕರಾಗಿ ಪುಟ್ಟಣ್ಣನವರ ಕೈಕೆಳಗೆ ಪಳಗಿದವರು. ಹಳ್ಳಿಯ ಹೆಣ್ಣನ್ನು, ಬಯಲನ್ನು, ಹಾಡನ್ನು ಅವರು ತೋರಿಸುವ ರೀತಿಯಲ್ಲಿ ಗುರುವಿನ ಗುರುತು ಕಾಣುತ್ತದೆ.

1981ರಲ್ಲಿ ‘ರಂಗನಾಯಕಿ’. ಅಶ್ವತ್ಥರ ಕಾದಂಬರಿ. ಇದರ ಕೊನೆ ನಿಮಗೆ ಕಿರಿಕಿರಿ ಮಾಡಿದ್ದರೆ ಆಶ್ಚರ್ಯವಿಲ್ಲ. ಮಗ ತಾಯಿ ಅಂತ ಗೊತ್ತಿಲ್ಲದೆ ನಟಿಯೊಬ್ಬಳ ಮೋಹಕ್ಕೆ ಬೀಳುವ ಭಾಗ ಗ್ರೀಕ್ ನಾಟಕದಿಂದ ಎತ್ತಿ ತಂದಂತಿದೆ. ಮೊದಲರ್ಧ ಮಾತ್ರ ಅಪ್ಪಟ ನಮ್ಮದು. ನಾಟಕ ಕಂಪನಿಯ ಬದುಕು, ಬಣ್ಣ ಹಚ್ಚುವ ಹೆಣ್ಣಿನ ಬಗ್ಗೆ ಮರ್ಯಾದಸ್ಥರ ಅಳುಕು. ಮದುವೆಯಾದ ಗಂಡ ಮೊದಲು ಕೇಳುವುದೇ ರಂಗ ಬಿಡು ಅಂತ. ಅವಳು ಬಿಡುತ್ತಾಳೆ, ತಡೆಯಲಾರದೆ ಮತ್ತೆ ಹತ್ತುತ್ತಾಳೆ, ಅಷ್ಟಕ್ಕೇ ಗಂಡ ಮಗುವನ್ನು ಎತ್ತಿಕೊಂಡು ಹೋಗುತ್ತಾನೆ. ಕಲೆಯೋ ಸಂಸಾರವೋ ಅನ್ನುವ ಪ್ರಶ್ನೆ ಗಂಡಿಗೆ ಯಾರೂ ಹಾಕೋದಿಲ್ಲ, ಅಲ್ವಾ? ಅಷ್ಟರ ಮಟ್ಟಿಗೆ ಚಿತ್ರ ಗಟ್ಟಿ. ಆರತಿ ಅವರ ನಟನೆಯಂತೂ ಅವರ ಎಲ್ಲ ಚಿತ್ರಗಳಿಗಿಂತ ಮೇಲೆ. ಪುಟ್ಟಣ್ಣ, ಆರತಿ ಜೋಡಿಯ ಕೊನೆಯ ಚಿತ್ರವೂ ಅದೇ. ನಿಜ ಬದುಕಿನಲ್ಲೂ ಇಬ್ಬರ ದಾರಿ ಬೇರೆಯಾಯಿತು.

ಮರುವರ್ಷ ಬಂದ ‘ಮಾನಸ ಸರೋವರ’ವನ್ನು ಜನ ಇದರ ಜೊತೆ ತಳಕು ಹಾಕಿ ನೋಡಿದರು. ಹಾಗೆ ನೋಡದೆಯೂ ಅದು ಮುಖ್ಯವಾದ ಚಿತ್ರ. ಮನೋವೈದ್ಯನೊಬ್ಬ ಮನಸ್ಸು ಕೆಟ್ಟ ಹುಡುಗಿಯೊಬ್ಬಳನ್ನು ವಾಸಿ ಮಾಡುತ್ತಾನೆ. ಮಾಡುತ್ತಾ ಮಾಡುತ್ತಾ ಅವಳನ್ನೇ ಪ್ರೀತಿಸುತ್ತಾನೆ. ವಾಸಿಯಾದ ಅವಳು ತನ್ನ ವಯಸ್ಸಿನ ಇನ್ನೊಬ್ಬನನ್ನು ಬಯಸುತ್ತಾಳೆ. ಹುಚ್ಚು ಹಿಡಿಯುವುದು ವೈದ್ಯನಿಗೆ. ‘ಶರಪಂಜರ’ದ ಜೊತೆ ಇಟ್ಟು ನೋಡಿ. ಅಲ್ಲಿ ವಾಸಿಯಾದ ಹೆಣ್ಣಿಗೆ ಬದುಕಲು ಜಾಗ ಸಿಗಲಿಲ್ಲ. ಇಲ್ಲಿ ವಾಸಿಯಾದ ಹೆಣ್ಣು ತನಗೆ ಬೇಕಾದ ಬದುಕನ್ನು 'ಕೇಳಿ' ತೆಗೆದುಕೊಳ್ಳುತ್ತಾಳೆ, ಕುಸಿಯುವುದು ಅವಳನ್ನು ತನ್ನದು ಅಂದುಕೊಂಡ ಗಂಡಸು. ಶ್ರೀನಾಥ್ ಅವರಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಸಿಕ್ಕಿದ್ದನ್ನು ನಾನು ಕಾಣೆ. ಹೆಣ್ಣನ್ನೇ ಯಾವಾಗಲೂ ಬಲಿ ಕೊಟ್ಟರು ಅನ್ನುವವರು ಈ ಚಿತ್ರವನ್ನು ಮರೆತಿರುತ್ತಾರೆ.

ಆಮೇಲೆ ‘ಧರಣಿ ಮಂಡಲ ಮಧ್ಯದೊಳಗೆ’, ‘ಅಮೃತ ಘಳಿಗೆ’, ಅನುಪಮಾ ನಿರಂಜನರ ಕಾದಂಬರಿ ಆಧರಿಸಿದ ‘ಋಣಮುಕ್ತಳು’. ತ.ರಾ.ಸು. ಅವರ ‘ಮಸಣದ ಹೂವು’ ಮಾಡುತ್ತಿರುವಾಗಲೇ, 1985ರ ಜೂನ್ 5ರಂದು ಪುಟ್ಟಣ್ಣ ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 51. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಮುಂದೆ ನಿರೂಪಣೆಯಿಂದ ಮನೆಮಾತಾದ ಅಪರ್ಣಾ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ಈಗ ರಾಜ್ಯ ಸರ್ಕಾರ ನಿರ್ದೇಶಕರಿಗೆ ಕೊಡುವ ಪ್ರಶಸ್ತಿಯೊಂದು ಅವರ ಹೆಸರಿನಲ್ಲಿದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅವರ ಹೆಸರಿನ ಥಿಯೇಟರ್ ಇತ್ತು, ಅದನ್ನು ಕೆಡವಿದ್ದಾರೆ.

ನೋಡುವ ಕ್ರಮ ಕೇಳಿದ್ದಿರಿ. ಮೊದಲು ‘ಬೆಳ್ಳಿಮೋಡ’ ನೋಡಿ, ಅದು ಕಪ್ಪು ಬಿಳುಪು. ಆರ್.ಎನ್.ಕೆ. ಪ್ರಸಾದ್ ಅವರ ಕ್ಯಾಮರಾಕ್ಕಾಗಿಯಾದರೂ ದೊಡ್ಡ ತೆರೆಯಲ್ಲಿ ನೋಡಬೇಕಾದದ್ದು, ಮೊಬೈಲಿನಲ್ಲಿ ಬೇಡ. ಆಮೇಲೆ ‘ನಾಗರಹಾವು’. 2018ರಲ್ಲಿ ಅದನ್ನು ತಂತ್ರಜ್ಞಾನದಿಂದ ಹೊಸದು ಮಾಡಿ ಮತ್ತೆ ಬಿಡುಗಡೆ ಮಾಡಿದ್ದರು. ಈ ಸಲ ರಾಮಾಚಾರಿಯನ್ನು ಬಿಟ್ಟು ಅಲಮೇಲುವಿನ ಹಿಂದೆ ಹೋಗಿ. ಅದಾದ ಮೇಲೆ ‘ಮಾನಸ ಸರೋವರ’, ಅದು ಮುಗಿದ ವಾರದಲ್ಲೇ ‘ಶರಪಂಜರ’ ಇನ್ನೊಮ್ಮೆ. ‘ಕಥಾ ಸಂಗಮ’ ಯಾವಾಗ ಬೇಕಾದರೂ ನೋಡಬಹುದು. ತ್ರಿವೇಣಿಯವರ ‘ಶರಪಂಜರ’ ಕಾದಂಬರಿ ಇನ್ನೂ ಅಂಗಡಿಗಳಲ್ಲಿ ಸಿಗುತ್ತದೆ, ಸಣ್ಣ ಪುಸ್ತಕ. ಸಿನಿಮಾಕ್ಕೆ ಮೊದಲು ಓದಿದರೆ ಪುಟ್ಟಣ್ಣ ಏನು ಉಳಿಸಿಕೊಂಡರು, ಎಲ್ಲೆಲ್ಲಿ ಹಾಡು ತಂದರು ಅನ್ನೋದು ನಿಮಗೇ ಗೊತ್ತಾಗುತ್ತದೆ.